ಬಾಡಿ ಎತ್ತಿಸಿದ ಗಾಡಿಗೆ ಹಿಂದಿನ ಬಂಪರ್ ಕೂರಿಸುವ ಬಗೆ

ಮಾನ್ಯ ಸಂಪಾದಕರೇ,

ಫೋರ್ ವೀಲ್ ಡ್ರೈವ್ ಗಾಡಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಟೈರು, ವಿಂಚು, ಸಸ್ಪೆನ್ಷನ್ ವಿಚಾರ ಬೇಕಾದಷ್ಟಿರುತ್ತದೆ. ಬಾಡಿ ಲಿಫ್ಟ್ (ಗಾಡಿಯ ಅಡಿಚೌಕಟ್ಟಾದ ಚಾಸಿಯಿಂದ ಬಾಡಿಯನ್ನು ಮೇಲೆತ್ತುವುದು) ಮಾಡಿಸಿದ ಮೇಲೆ ಹಿಂದಿನ ಬಂಪರನ್ನು ಏನು ಮಾಡಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟಗಳಲ್ಲಿ ಓಡುವ ಬಾಡಿ ಎತ್ತಿಸಿದ ಜಿಪ್ಸಿಗಳನ್ನೋ ಹಳೆಯ ಥಾರ್‌ಗಳನ್ನೋ ಹಿಂದೆ ನಿಂತು ನೋಡಿದರೆ ಈ ಮೂರು ಬಗೆಗಳಲ್ಲಿ ಯಾವುದಾದರೊಂದು ಕಾಣುತ್ತದೆ. ಬಾಡಿ ಎರಡಿಂಚು ಮೇಲೆ ಹೋಗಿ, ಬಂಪರ್ ಹಳೆಯ ಜಾಗದಲ್ಲೇ ಉಳಿದು, ನಡುವೆ ಕೈ ತೂರುವಷ್ಟು ಸಂದಿ ಬಿಟ್ಟಿರುತ್ತದೆ. ಇಲ್ಲವೇ ಬಂಪರನ್ನೇ ಕಿತ್ತು ಮೂಲೆಗೆ ಹಾಕಿರುತ್ತಾರೆ. ಅದಕ್ಕಿಂತ ಅಪಾಯದ್ದೆಂದರೆ, ಸಂದಿ ಕಾಣಬಾರದೆಂದು ಬಂಪರನ್ನು ಚಾಸಿಯಿಂದ ಬಿಚ್ಚಿ ಬಾಡಿಯ ತಗಡಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಈ ಕೆಲಸವನ್ನು ಸರಿಯಾಗಿ ಮಾಡುವ ಕ್ರಮವನ್ನು ಗಾಡಿ ಇಟ್ಟುಕೊಂಡವರಿಗೂ ವೆಲ್ಡಿಂಗ್ ಶಾಪಿನವರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ನಿನಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಆದ್ದರಿಂದ ರಸ್ತೆಗಿಳಿಯುವ ಗಾಡಿಯಾದರೆ ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಮುಂದೆ ಬರೆದಿರುವುದು ಮುಖ್ಯವಾಗಿ ತೋಟದೊಳಗೆ ದುಡಿಯುವ ಗಾಡಿಗಳಿಗೆ, ಟ್ರೈಲರ್ ಮೇಲೆ ಸಾಗಿಸುವ ಸ್ಪರ್ಧೆಯ ಗಾಡಿಗಳಿಗೆ, ಮತ್ತು ಈಗಾಗಲೇ ಬಾಡಿ ಎತ್ತಿರುವ ಗಾಡಿಯನ್ನು ಕೊಂಡು ಅದನ್ನು ಸುರಕ್ಷಿತ ಸ್ಥಿತಿಗೆ ತರಬೇಕಾದವರಿಗೆ.

ಬಾಡಿ ಲಿಫ್ಟ್ ಎಂದರೆ ಚಾಸಿಗೂ ಬಾಡಿಗೂ ನಡುವಿನ ರಬ್ಬರ್ ಮೌಂಟ್‌ಗಳ ಜೊತೆ ಬಿಲ್ಲೆ ಕೊಟ್ಟು ಬಾಡಿಯನ್ನು ಮೇಲೆತ್ತುವುದು. ಚಾಸಿ, ಆಕ್ಸಲ್, ಎಂಜಿನ್, ಇಂಧನ ಟ್ಯಾಂಕ್ ಎಲ್ಲ ಇದ್ದಲ್ಲೇ ಇರುತ್ತವೆ. ಬಿಲ್ಲೆ ಗಟ್ಟಿ ನೈಲಾನ್‌ದೋ ಅಲ್ಯೂಮಿನಿಯಂದೋ ಆಗಿರಬೇಕು. ಮರದ ತುಂಡು, ಒಂದರ ಮೇಲೊಂದು ಪೇರಿಸಿದ ವಾಷರ್ ಸಲ್ಲದು. ಎರಡಿಂಚಿಗಿಂತ ಹೆಚ್ಚು ಎತ್ತಲೇಬಾರದು. ಸ್ಟೇರಿಂಗ್ ರಾಡು, ಗೇರ್ ಲಿವರ್, ರೇಡಿಯೇಟರ್ ಫ್ಯಾನಿನ ಕವಚ, ಬಾಡಿ ಅರ್ಥ್ ವೈರು ಇವೆಲ್ಲದರ ಕೆಲಸ ಬೇರೆಯೇ ಇದೆ. ಅದು ಇನ್ನೊಂದು ಪತ್ರದ ವಿಷಯ.

ಬಂಪರ್ ಇರುವುದು ಚಾಸಿಗಾಗಿ. ಹಿಂದಿನಿಂದ ಬಿದ್ದ ಪೆಟ್ಟು ಬಂಪರ್ ತೊಲೆಯ ಮೂಲಕ ಚಾಸಿಯ ಎರಡು ಉದ್ದ ತೊಲೆಗಳಿಗೆ ಹೋಗಬೇಕು. ಬಾಡಿಯ ಹಿಂಭಾಗದ ತಗಡು ದಪ್ಪದಲ್ಲಿ ಒಂದು ಮಿ.ಮೀ. ಆಸುಪಾಸು. ಬಂಪರನ್ನು ಅದಕ್ಕೆ ಬಿಗಿದರೆ ಸಣ್ಣ ಪೆಟ್ಟಿಗೂ ಬೋಲ್ಟಿನ ಸುತ್ತ ತಗಡು ಹರಿದು ಬರುತ್ತದೆ, ಹಿಂಬಾಗಿಲಿನ ಚೌಕಟ್ಟು ಸೊಟ್ಟಗಾಗುತ್ತದೆ. ಆಮೇಲೆ ಬಾಗಿಲು ಕೂರುವುದಿಲ್ಲ, ಧೂಳು ಒಳಗೆ ಬರುತ್ತದೆ. ಪೆಟ್ಟೇ ಬೀಳದಿದ್ದರೂ ಇಪ್ಪತ್ತು ಮೂವತ್ತು ಕೆ.ಜಿ. ತೂಕದ ಉಕ್ಕಿನ ಬಂಪರ್ ಕಲ್ಲುರಸ್ತೆಯಲ್ಲಿ ಕುಲುಕಿ ಕುಲುಕಿ ತಗಡಿನಲ್ಲಿ ಬಿರುಕು ಬರಿಸುತ್ತದೆ.

ಎತ್ತರದ ಪ್ರಶ್ನೆಯೂ ಇದೆ. ಸಾಮಾನ್ಯ ಕಾರುಗಳ ಬಂಪರ್ ತೊಲೆ ನೆಲದಿಂದ ಸುಮಾರು 400ರಿಂದ 500 ಮಿ.ಮೀ. ಎತ್ತರದಲ್ಲಿರುತ್ತದೆ. ಲಾರಿಗಳ ಹಿಂದೆ ಹಾಕುವ ರಕ್ಷಣಾ ತೊಲೆಯ ಕೆಳಂಚು ನೆಲದಿಂದ 550 ಮಿ.ಮೀ. ಮೀರಬಾರದೆಂದು ಭಾರತೀಯ ಮಾನಕ ಹೇಳುವುದು ಇದೇ ಕಾರಣಕ್ಕೆ: ಹಿಂದೆ ಬಂದ ಕಾರು ಗುದ್ದಿದಾಗ ತೊಲೆಗೆ ತೊಲೆ ಸಿಗಬೇಕು, ಕಾರಿನ ಬಾನೆಟ್ ಲಾರಿಯ ಅಡಿಗೆ ನುಗ್ಗಬಾರದು. ಜೀಪು ಆ ನಿಯಮದ ವರ್ಗಕ್ಕೆ ಬರುವುದಿಲ್ಲ, ಆದರೂ 550 ಎಂಬ ಅಂಕಿಯನ್ನು ನಾವು ಗೆರೆಯಾಗಿ ಇಟ್ಟುಕೊಳ್ಳಬಹುದು. ಬಾಡಿ ಲಿಫ್ಟ್‌ನಲ್ಲಿ ಚಾಸಿ ಏರುವುದಿಲ್ಲವಾದ್ದರಿಂದ ಮೂಲ ಬಂಪರ್ ಬಹುಪಾಲು ಈ ಗೆರೆಯೊಳಗೇ ಉಳಿಯುತ್ತದೆ. ದೊಡ್ಡ ಟೈರನ್ನೂ ಹಾಕಿ, ಬಂಪರನ್ನೂ ಎತ್ತಿದಾಗ ಗೆರೆ ದಾಟುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಬಲ ಹೊರುವ ತೊಲೆಯನ್ನು ಸಾಧ್ಯವಾದಷ್ಟೂ ಇದ್ದ ಎತ್ತರದಲ್ಲೇ ಬಿಡಬೇಕು, ಸಂದಿ ಮುಚ್ಚುವ ಕೆಲಸವನ್ನು ಹಗುರ ತಗಡಿಗೋ ರಬ್ಬರಿಗೋ ವಹಿಸಬೇಕು. ಬಂಪರನ್ನು ಎತ್ತುವುದು ಎರಡನೆಯ ಆಯ್ಕೆ.

ಕೆಲಸಕ್ಕೆ ಕೂರುವ ಮುನ್ನ ಗಾಡಿಯಲ್ಲಿ ಯಾವ ಜಾತಿಯ ಬಂಪರ್ ಇದೆ ನೋಡಿಕೊಳ್ಳಬೇಕು. ಈಚಿನ ಎಸ್‌ಯುವಿಗಳಲ್ಲಿ ಹೊರಗೆ ಕಾಣುವುದು ಪ್ಲಾಸ್ಟಿಕ್ ಹೊದಿಕೆ, ಒಳಗೆ ಚಾಸಿಗೆ ಬಿಗಿದ ಉಕ್ಕಿನ ತೊಲೆ ಅಥವಾ ಬ್ರಾಕೆಟ್ಟು. ಹೊದಿಕೆಯ ಎರಡು ತುದಿಗಳು ಬಾಡಿಯ ಪಕ್ಕದ ತಗಡಿಗೆ ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡಿರುತ್ತವೆ, ನಡುಭಾಗ ಕೆಲವು ಗಾಡಿಗಳಲ್ಲಿ ಚಾಸಿಯ ಬ್ರಾಕೆಟ್ಟಿಗೆ ಕೂತಿರುತ್ತದೆ. ಇದನ್ನು ಬಿಚ್ಚದೆ ಬಾಡಿ ಎತ್ತಿದರೆ ತುದಿಗಳು ಮೇಲಕ್ಕೆ, ನಡು ಕೆಳಕ್ಕೆ ಎಳೆದುಕೊಂಡು ಮೂಲೆಯ ಕ್ಲಿಪ್ಪುಗಳು ಮೊದಲು ಮುರಿಯುತ್ತವೆ. ಜ್ಯಾಕ್ ಕೊಡುವ ಮುನ್ನವೇ ಹೊದಿಕೆಯನ್ನು ಪೂರ್ತಿ ಬಿಚ್ಚಿಡಬೇಕು. ಆಮೇಲೆ ಹೊದಿಕೆ ಬಾಡಿಯ ಜೊತೆ ಮೇಲೆ ಹೋಗಲಿ, ಉಕ್ಕಿನ ತೊಲೆ ಇದ್ದಲ್ಲೇ ಇರಲಿ. ಹೊದಿಕೆಯ ನಡುಭಾಗವನ್ನು ಹಿಡಿಯಲು 3 ಮಿ.ಮೀ. ದಪ್ಪ, 25 ಮಿ.ಮೀ. ಅಗಲದ ಪಟ್ಟಿಯಲ್ಲಿ ಲಿಫ್ಟಿನಷ್ಟೇ ಎತ್ತರದ ಎರಡೋ ಮೂರೋ ಕೈಗಳನ್ನು ಮಾಡಿ, 6 ಮಿ.ಮೀ. ಬೋಲ್ಟಿನಲ್ಲಿ ಕೂರಿಸಬೇಕು. ಈ ಕೈಗಳ ತೂತು ಉದ್ದುದ್ದ ಇರಬೇಕು, ಏಕೆಂದರೆ ಬಾಡಿ ರಬ್ಬರಿನ ಮೇಲೆ ಕೂತಿದೆ, ಚಾಸಿ ತಿರುಚಿದಾಗ ಎರಡೂ ಬೇರೆ ಬೇರೆ ಅಲ್ಲಾಡುತ್ತವೆ. ಬಿಗಿಯಾದ ತೂತು ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಹೊದಿಕೆಯೊಳಗೆ ಪೆಟ್ಟು ಹೀರುವ ಥರ್ಮೋಕೋಲಿನಂಥ ತುಂಡು ಇದ್ದರೆ ಅದನ್ನು ತೊಲೆಯ ಮುಖಕ್ಕೇ ಅಂಟಿಸಿ ಬಿಡಬೇಕು, ಹೊದಿಕೆಯ ಜೊತೆ ಎತ್ತಬಾರದು.

ಪ್ಲಾಸ್ಟಿಕ್ ಬಂಪರಿನ ಕೆಲಸ ಇಷ್ಟಕ್ಕೆ ಮುಗಿಯುತ್ತದೆ, ರಿವರ್ಸ್ ಸೆನ್ಸರ್ ಒಂದು ಬಿಟ್ಟು. ಹೊದಿಕೆ 50 ಮಿ.ಮೀ. ಮೇಲೆ ಹೋದರೆ ಸೆನ್ಸರೂ ಅಷ್ಟೇ ಮೇಲೆ ಹೋಗುತ್ತದೆ, ತಗ್ಗಿನ ಕಲ್ಲು, ಮೋಟು ಮರ ಅದಕ್ಕೆ ಕಾಣದೆ ಹೋಗಬಹುದು. ನೆಲದ ಮೇಲೆ ಇಟ್ಟಿಗೆ ಇಟ್ಟು ನಿಧಾನವಾಗಿ ರಿವರ್ಸ್ ಬಂದು ಪರೀಕ್ಷಿಸಬೇಕು. ಕಾಣದಿದ್ದರೆ ಓರೆ ರಿಂಗ್ ಹಾಕಿ ಸೆನ್ಸರಿನ ಮುಖವನ್ನು ಸ್ವಲ್ಪ ಕೆಳಗೆ ಬಾಗಿಸಬೇಕು. ತೀರಾ ಬಾಗಿಸಿದರೆ ನೆಲವನ್ನೇ ಅಡ್ಡಿಯೆಂದು ತಿಳಿದು ಕೂಗುತ್ತಲೇ ಇರುತ್ತದೆ.

ಇನ್ನು ಜೀಪು ಜಾತಿಯ ಒಂದೇ ತುಂಡಿನ ಉಕ್ಕಿನ ಬಂಪರ್. ಇಲ್ಲಿ ಕೆಲಸ ಹೆಚ್ಚು, ತಪ್ಪುವ ಜಾಗಗಳೂ ಹೆಚ್ಚು.

ಲಿಫ್ಟ್ ಒಂದೇ ಇಂಚಾದರೆ ಬಂಪರನ್ನು ಮುಟ್ಟಲೇಬೇಡಿ. ಸಂದಿ ಮುಚ್ಚಿದರೆ ಸಾಕು. 16 ಗೇಜಿನ ತಗಡನ್ನು ಎಲ್ ಆಕಾರಕ್ಕೆ ಬಗ್ಗಿಸಿ, 40 ಮಿ.ಮೀ. ಮಡಿಕೆಯನ್ನು ಬಾಡಿಯ ಹಿಂದಿನ ಕೆಳ ಅಂಚಿಗೆ 6 ಮಿ.ಮೀ. ಬೋಲ್ಟುಗಳಲ್ಲಿ 150 ಮಿ.ಮೀ.ಗೆ ಒಂದರಂತೆ ಬಿಗಿಯಬೇಕು. ತಗಡಿನ ಕೆಳಂಚು ಬಂಪರಿಗೆ ತಾಗದಂತೆ 15 ಮಿ.ಮೀ. ಬಿಟ್ಟು, ಆ ಜಾಗವನ್ನು ರಬ್ಬರ್ ಬೀಡಿಂಗ್ ತುಂಬಲಿ. ತಗಡು ಬೇಡವೆಂದರೆ ಮಡ್ ಫ್ಲಾಪಿಗೆ ಬಳಸುವ ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಇನ್ನೂ ಒಳ್ಳೆಯದು. ಅದು ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ, ಕಲ್ಲು ಬಡಿದರೂ ಸದ್ದಿಲ್ಲ. ಎರಡಿಂಚಿನ ಲಿಫ್ಟಿಗೂ ಇದೇ ಉಪಾಯ ಸಾಕಾಗುತ್ತದೆ, ನೋಟಕ್ಕೆ ಮಾತ್ರ ಸ್ವಲ್ಪ ಒರಟು.

ಎರಡಿಂಚಿಗೆ ಬಂಪರನ್ನೇ ಎತ್ತಬೇಕೆಂದಿದ್ದರೆ ಮೊದಲು ಕಾಯಬೇಕು. ಹೊಸ ಬಿಲ್ಲೆ, ಹೊಸ ರಬ್ಬರ್ ಕೂತ ಮೇಲೆ ಬಾಡಿ ಕೆಲವು ಮಿ.ಮೀ. ಇಳಿಯುತ್ತದೆ, ಎಡಬಲ ಒಂದೇ ಸಮ ಇಳಿಯುವುದೂ ಇಲ್ಲ. ಐನೂರು ಕಿ.ಮೀ. ಓಡಿಸಿ, ಮೌಂಟ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಆಮೇಲೆ ಅಳತೆ ತೆಗೆದುಕೊಳ್ಳಬೇಕು. ಬಾಡಿ ಎತ್ತಿಸಿದ ದಿನವೇ ಬಂಪರ್ ಕೂರಿಸಿದರೆ ತಿಂಗಳೊಳಗೆ ಹಿಂಬಾಗಿಲಿನ ಕೆಳಂಚು ಬಂಪರಿಗೆ ಉಜ್ಜಿ ಬಣ್ಣ ಹೋಗುತ್ತದೆ. ಬಾಗಿಲಿನ ಕೆಳಂಚಿಗೂ ಬಂಪರಿನ ಮೇಲ್ಮೈಗೂ ಕನಿಷ್ಠ 15ರಿಂದ 20 ಮಿ.ಮೀ. ಬಿಡುವು ಬೇಕು. ಸ್ಟೆಪ್ನಿ ಹೊತ್ತ ಬಾಗಿಲಾದರೆ ಅದನ್ನು ಪೂರ್ತಿ ತೆರೆದು, ತುದಿಯನ್ನು ಕೈಯಿಂದ ಒತ್ತಿ, ಎಷ್ಟು ಜೋಲುತ್ತದೆ ನೋಡಿ ಆ ಬಿಡುವನ್ನು ಇನ್ನಷ್ಟು ಹೆಚ್ಚಿಸಬೇಕು.

ಬಂಪರಿನ ಕೈಗಳು ಚಾಸಿ ತೊಲೆಯ ಪಕ್ಕಕ್ಕೆ ಬೋಲ್ಟ್ ಆಗಿವೆಯೋ, ತೊಲೆಯ ತುದಿಯ ಮುಖಕ್ಕೆ ಬೋಲ್ಟ್ ಆಗಿವೆಯೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಪಕ್ಕಕ್ಕೆ ಆಗಿದ್ದರೆ ಕೆಲಸ ಸುಲಭ. ಪ್ರತಿ ಬದಿಗೆ 8 ಮಿ.ಮೀ. ದಪ್ಪದ ಒಂದು ಪ್ಲೇಟು. ಮೂಲ ತೂತುಗಳ ನಡುವಿನ ದೂರ 60 ಮಿ.ಮೀ. ಎಂದಿಟ್ಟುಕೊಂಡರೆ ಪ್ಲೇಟು 110 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. ಕೆಳ ಅಂಚಿನಿಂದ 25 ಮಿ.ಮೀ. ಮೇಲೆ ಒಂದು ಜೋಡಿ ತೂತು ಚಾಸಿಗೆ, ಅದರಿಂದ ಸರಿಯಾಗಿ 50 ಮಿ.ಮೀ. ಮೇಲೆ ಇನ್ನೊಂದು ಜೋಡಿ ಬಂಪರಿನ ಕೈಗೆ. ಯಾವ ತೂತೂ ಅಂಚಿಗೆ 25 ಮಿ.ಮೀ.ಗಿಂತ ಹತ್ತಿರ ಬರಬಾರದು. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಗಾಡಿಗೆ ಹಿಡಿದು ನೋಡಬೇಕು. ಮೇಲಿನ ಬೋಲ್ಟಿನ ನಟ್ಟು ಚಾಸಿ ತೊಲೆಯ ಮೇಲಂಚಿಗೆ ತಾಗುವುದು ಇಲ್ಲೇ ಗೊತ್ತಾಗುತ್ತದೆ. ತಾಗಿದರೆ ಮೇಲಿನ ಜೋಡಿಯನ್ನು ಇನ್ನೂ 15 ಮಿ.ಮೀ. ಮೇಲೆ ತೆಗೆದು, ಪ್ಲೇಟಿನ ಎತ್ತರವನ್ನೂ ಅಷ್ಟೇ ಹೆಚ್ಚಿಸಿ, ಬಂಪರಿನ ಕೈಯಲ್ಲಿ ಜಾಗವಿದ್ದರೆ ಅದರ ತೂತನ್ನೂ ಅಷ್ಟೇ ಮೇಲೆ ಹೊಸದಾಗಿ ತೆಗೆಯಬೇಕು. ಹಳೆಯ ತೂತನ್ನು ಫೈಲಿನಲ್ಲಿ ಉಜ್ಜಿ ದೊಡ್ಡದು ಮಾಡುವುದು ತಪ್ಪು. ಒಂದಿಂಚಿನ ಲಿಫ್ಟಿಗೆ ಈ ಪ್ಲೇಟು ಏಕೆ ಆಗುವುದಿಲ್ಲ ಎಂಬುದೂ ರಟ್ಟಿನಲ್ಲೇ ಕಾಣುತ್ತದೆ: 25 ಮಿ.ಮೀ. ಅಂತರದಲ್ಲಿ ಕೆಳಗಿನ ಬೋಲ್ಟಿನ ತಲೆ ಬಂಪರ್ ಕೈಯ ಅಡಿಗೇ ಬರುತ್ತದೆ, ಕೈ ಸಮ ಕೂರುವುದಿಲ್ಲ.

ತೂತು ಕೊರೆಯುವಾಗ ಪಂಚಿನಲ್ಲಿ ಗುರುತು ಹಾಕಿ, 4 ಮಿ.ಮೀ., ಆಮೇಲೆ 8, 12 ಮಿ.ಮೀ. ಬೋಲ್ಟಿಗಾದರೆ ಕೊನೆಗೆ 13 ಮಿ.ಮೀ. ಬಿಟ್, ನಿಧಾನ ವೇಗ, ನಡುನಡುವೆ ಎಣ್ಣೆ. ಗ್ಯಾಸ್ ಕಟ್ಟರಿನಲ್ಲಿ ತೂತು ಊದುವುದು ಬೇಡವೇ ಬೇಡ. ಆ ತೂತು ದುಂಡಗೆ ಬರುವುದಿಲ್ಲ, ಬೋಲ್ಟು ಒಂದೇ ಕಡೆ ಒತ್ತಿ ದಿನೇ ದಿನೇ ಅಗಲವಾಗುತ್ತದೆ.

ಎಲ್ಲರೂ ಎಡವುವ ಒಂದು ಜಾಗವಿದೆ. ಪ್ಲೇಟು ಚಾಸಿಯ ಹೊರಮೈಗೆ ಕೂತು, ಅದರ ಹೊರಗೆ ಬಂಪರಿನ ಕೈ ಕೂರಬೇಕಾದಾಗ ಪ್ರತಿ ಬದಿಗೆ 8 ಮಿ.ಮೀ., ಒಟ್ಟು 16 ಮಿ.ಮೀ. ಅಗಲ ಹೆಚ್ಚುತ್ತದೆ. ಬಂಪರಿನ ಎರಡು ಕೈಗಳ ನಡುವಿನ ದೂರ ಮಾತ್ರ ಮೊದಲಿನಷ್ಟೇ. ಗ್ಯಾರೇಜಿನಲ್ಲಿ ಸುತ್ತಿಗೆ ತೆಗೆದುಕೊಂಡು ಕೈಗಳನ್ನು ಹೊರಕ್ಕೆ ಬಡಿಯುತ್ತಾರೆ, ಬಿರುಕು ಹುಟ್ಟುವುದು ಅಲ್ಲೇ. ಬಂಪರ್ ತೊಲೆಗೂ ಕೈಗೂ ನಡುವೆ ಬೋಲ್ಟ್ ಇದ್ದರೆ ಆ ತೂತನ್ನು 8 ಮಿ.ಮೀ. ಉದ್ದ ಮಾಡಿ ಕೈಯನ್ನು ಸರಿಸಬೇಕು, ಅಗಲದ ದಪ್ಪ ವಾಷರ್ ಕೊಡಬೇಕು. ಕೈ ವೆಲ್ಡ್ ಆಗಿದ್ದರೆ ಕತ್ತರಿಸಿ, ಸರಿಯಾದ ದೂರಕ್ಕೆ ಮತ್ತೆ ವೆಲ್ಡ್ ಮಾಡಿಸುವುದೊಂದೇ ದಾರಿ.

ಪ್ಲೇಟು ಹಿಂದು ಮುಂದಿನ ಬಲಕ್ಕೆ ಗಟ್ಟಿ, ಪಕ್ಕದ ಬಲಕ್ಕೆ ದುರ್ಬಲ. ಕಾಡುರಸ್ತೆಯಲ್ಲಿ ಬಂಪರಿನ ಮೂಲೆ ದರೆಗೆ ಬಡಿಯುವುದು ಸಾಮಾನ್ಯ. ಅದಕ್ಕೆ ಎಡಬಲದ ಪ್ಲೇಟುಗಳನ್ನು ಜೋಡಿಸುವಂತೆ 40×40×5 ಮಿ.ಮೀ. ಆಂಗಲ್ ಒಂದನ್ನು ಅಡ್ಡಲಾಗಿ ಕೊಡಬೇಕು. ಮೀಟರಿಗೆ ಮೂರು ಕೆ.ಜಿ. ತೂಕ, ಖರ್ಚೂ ದೊಡ್ಡದಲ್ಲ.

ಬಂಪರಿನ ಕೈಗಳು ಚಾಸಿ ತೊಲೆಯ ತುದಿಯ ಮುಖಕ್ಕೆ ಬೋಲ್ಟ್ ಆಗಿರುವ ಗಾಡಿಗಳಲ್ಲಿ ಚಪ್ಪಟೆ ಪಟ್ಟಿ ನಡೆಯುವುದಿಲ್ಲ, ಅದು ಎಳೆತದ ದಿಕ್ಕಿಗೆ ಅಡ್ಡಲಾಗಿ ನಿಲ್ಲುವುದರಿಂದ ಬಾಗುತ್ತದೆ. ಲೆಕ್ಕ ಹಾಕಿ ನೋಡಿ: 75 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿ 50 ಮಿ.ಮೀ. ಎತ್ತರದಲ್ಲಿ ಬಿದ್ದ ಸುಮಾರು 230 ಕೆ.ಜಿ. ಬಲಕ್ಕೇ ಶಾಶ್ವತವಾಗಿ ಬಾಗಲು ಶುರುವಾಗುತ್ತದೆ. ಎರಡು ಪಟ್ಟಿ ಸೇರಿದರೂ 460 ಕೆ.ಜಿ. ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯುವ ಬಲ ಇದರ ಹಲವು ಪಟ್ಟು. ಇಂಥ ಗಾಡಿಗೆ 75×40 ಮಿ.ಮೀ. ಸಿ ಚಾನೆಲ್ಲಿನ ತುಂಡನ್ನು ನಿಲ್ಲಿಸಿ ಬಳಸಬೇಕು. ಚಾನೆಲ್ಲಿನಿಂದಾಗಿ ಬಂಪರ್ ಸುಮಾರು 40 ಮಿ.ಮೀ. ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಮರೆಯದೆ ಬಾಗಿಲಿನ ಅಳತೆ ನೋಡಿಕೊಳ್ಳಬೇಕು.

ಇದೇ ಕಾರಣಕ್ಕೆ ಎಳೆಯುವ ಕೊಕ್ಕೆಯನ್ನು ಎತ್ತಿದ ಬಂಪರಿನ ಮೇಲೆ ಎಂದೂ ಇಡಬಾರದು. ಎರಡು ಟನ್ ಎಳೆತ ಒಂದೇ ಬದಿಯಲ್ಲಿ 50 ಮಿ.ಮೀ. ಮೇಲೆ ಬಿದ್ದರೆ, 60 ಮಿ.ಮೀ. ಅಂತರದ ಎರಡು ಬೋಲ್ಟುಗಳಲ್ಲಿ ಒಂದೊಂದರ ಮೇಲೂ ನೇರ ಎಳೆತದ ಪಾಲಲ್ಲದೆ ಸುಮಾರು 1.7 ಟನ್ ಹೆಚ್ಚುವರಿ ಬಲ ಬೀಳುತ್ತದೆ. ಕೊಕ್ಕೆ ಚಾಸಿಗೇ, ಹಳೆಯ ಎತ್ತರದಲ್ಲೇ ಇರಲಿ. ಬಂಪರ್ ಮೇಲೆ ಹೋದ ಮೇಲೆ ಅದರಡಿಯಿಂದ ಕೊಕ್ಕೆಗೆ ಕೈ ಹೋಗುತ್ತದೆ, ಅದೊಂದು ಅನುಕೂಲ. ಟ್ರೈಲರ್ ಎಳೆಯುವ ಟೋ ಬಾಲಿಗೆ ಹಗ್ಗ ಹಾಕಿ ಹೂತ ಗಾಡಿ ಎಳೆಯುವ ಅಭ್ಯಾಸವನ್ನಂತೂ ಬಿಟ್ಟೇಬಿಡಬೇಕು. ಬಾಲು ಮುರಿದರೆ ಗುಂಡಿನಂತೆ ಹಾರುತ್ತದೆ.

ಬೋಲ್ಟಿನ ವಿಷಯ. ತಲೆಯ ಮೇಲೆ 8.8 ಎಂದು ಕೆತ್ತಿರುವುದೇ ಬೇಕು, ಏನೂ ಕೆತ್ತಿರದ ಬೋಲ್ಟು ಗೇಟಿಗೆ ಸರಿ, ಬಂಪರಿಗಲ್ಲ. 10 ಮಿ.ಮೀ. ಬೋಲ್ಟಿಗೆ ಸುಮಾರು 45 ನ್ಯೂಟನ್ ಮೀಟರ್, 12 ಮಿ.ಮೀ. ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಬಿಗಿತ, ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್ಟು), ಎರಡೂ ಕಡೆ ದಪ್ಪ ವಾಷರ್. ಜಿಪ್ಸಿಯಂಥ ಸುಜುಕಿ ಮೂಲದ ಗಾಡಿಗಳಲ್ಲಿ 10 ಮಿ.ಮೀ. ಬೋಲ್ಟಿನ ಪಿಚ್ (ಮರೆಯ, ಅಂದರೆ ಥ್ರೆಡ್ಡಿನ, ಸುತ್ತುಗಳ ನಡುವಿನ ದೂರ) 1.25 ಮಿ.ಮೀ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ ತಕ್ಷಣ ಕೊಡುವುದು 1.5 ಪಿಚ್ಚಿನದು. ಅದು ಎರಡು ಸುತ್ತು ಕೈಯಲ್ಲೇ ಹೋಗಿ ಆಮೇಲೆ ಬಿಗಿಯಾಗುತ್ತದೆ, ತುಕ್ಕಿರಬೇಕೆಂದು ಪಾನಾ ಹಾಕಿ ತಿರುಗಿಸಿದರೆ ಚಾಸಿಯೊಳಗೆ ವೆಲ್ಡ್ ಆಗಿರುವ ನಟ್ಟಿನ ಮರೆ ಹಾಳು. ಹಳೆಯ ಬೋಲ್ಟನ್ನೇ ಮಾದರಿಗೆ ಒಯ್ಯಬೇಕು, ಹಾಕುವ ಮೊದಲು ಆ ಮರೆಗೆ ಟ್ಯಾಪ್ (ಮರೆ ಕೊರೆಯುವ ಉಪಕರಣ) ಓಡಿಸಿ ಕೆಸರು ತೆಗೆಯಬೇಕು. ಪೆಟ್ಟಿಗೆ ಆಕಾರದ ಚಾಸಿಗೆ ಹೊಸದಾಗಿ ಆರಪಾರ ಬೋಲ್ಟ್ ಹಾಕುವುದು ಅನಿವಾರ್ಯವಾದರೆ ಒಳಗೆ 20 ಮಿ.ಮೀ. ಹೊರವ್ಯಾಸ, 13 ಮಿ.ಮೀ. ಒಳವ್ಯಾಸದ ಸ್ಲೀವ್ ಕೊಡಲೇಬೇಕು. ಅದಿಲ್ಲದೆ ಬಿಗಿದರೆ ತೊಲೆಯ ಗೋಡೆಗಳು ಒಳಕ್ಕೆ ಕುಗ್ಗುತ್ತವೆ, ಬಿಗಿತ ನಿಲ್ಲುವುದಿಲ್ಲ.

ಚಾಸಿಗೆ ನೇರ ವೆಲ್ಡಿಂಗ್ ಬೇಡ. ತೊಲೆಯ ಉಕ್ಕು ತೆಳು, ವೆಲ್ಡಿನ ಪಕ್ಕದಲ್ಲೇ ಅದು ಬಿರುಕು ಬಿಡುತ್ತದೆ. ಮುಂದೆ ಬಂಪರ್ ಬದಲಾಯಿಸಲೂ ಆಗುವುದಿಲ್ಲ. ಪ್ಲೇಟು, ಆಂಗಲ್ ಎಲ್ಲವನ್ನೂ ಗಾಡಿಯಿಂದ ದೂರದಲ್ಲಿ ವೆಲ್ಡ್ ಮಾಡಿ ತಂದು ಬೋಲ್ಟ್ ಮಾಡಬೇಕು. ಗಾಡಿಯ ಮೇಲೆ ಎರಡು ಚುಕ್ಕೆ ವೆಲ್ಡ್ ಹಾಕಿ ಅಳತೆ ಹಿಡಿಯಲೇಬೇಕೆಂದರೆ ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಅರ್ಥ್ ಕ್ಲಾಂಪನ್ನು ವೆಲ್ಡಿನ ಪಕ್ಕದಲ್ಲೇ ಹಾಕಬೇಕು. ಇಸಿಎಂ (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಗಾಡಿಗಳಲ್ಲಿ ಅದರ ಸಾಕೆಟ್ಟನ್ನೂ ಬಿಡಿಸಬೇಕು. ಗ್ರೈಂಡರಿನ ಕಿಡಿ ಇಂಧನ ತುಂಬುವ ಕೊಳವೆಯ ಕಡೆ ಹೋಗದಂತೆ ಒದ್ದೆ ಗೋಣಿ ಅಡ್ಡ ಹಿಡಿಯಬೇಕು.

ಆ ಕೊಳವೆಯನ್ನೂ ಇದೇ ಸಮಯದಲ್ಲಿ ನೋಡಿಬಿಡಿ. ಅದರ ಬಾಯಿ ಬಾಡಿಯಲ್ಲಿದೆ, ಟ್ಯಾಂಕ್ ಚಾಸಿಯಲ್ಲಿದೆ. ಬಾಡಿ ಎರಡಿಂಚು ಏರಿದಾಗ ನಡುವಿನ ರಬ್ಬರ್ ಹೋಸು ಎಳೆದುಕೊಂಡು ಕ್ಲಾಂಪಿನ ತುದಿಗೆ ಬಂದಿರುತ್ತದೆ. ಬಂಪರ್ ಬಿಚ್ಚಿದ್ದಾಗ ಅದನ್ನು ನೋಡುವುದು ಸುಲಭ. ಹೋಸು ಪೈಪಿನ ಮೇಲೆ ಕನಿಷ್ಠ 25 ಮಿ.ಮೀ. ಏರಿರದಿದ್ದರೆ ಉದ್ದದ ಹೊಸ ಇಂಧನ ಹೋಸು ಹಾಕಬೇಕು, ನೀರಿನ ಹೋಸು ಆಗದು.

ಬಂಪರ್ ಎತ್ತಿದಾಗ ಅದರ ಕೆಳಂಚನ್ನು, ಗಾಡಿಯನ್ನು ಖಾಲಿ ನಿಲ್ಲಿಸಿ, ನೆಲದಿಂದ ಅಳೆಯಬೇಕು. ರಸ್ತೆಗೂ ಬರುವ ಗಾಡಿಯಲ್ಲಿ ಅದು 550 ಮಿ.ಮೀ. ದಾಟಿದರೆ ಬಂಪರಿನ ಕೆಳಗೆ ಒಂದು ಪೈಪನ್ನು ಸೇರಿಸಬೇಕು. 50 ಎನ್‌ಬಿ (ಅಂದಾಜು ಒಳವ್ಯಾಸ 50 ಮಿ.ಮೀ.), ಬಿ ಕ್ಲಾಸ್ (ಮಧ್ಯಮ ದಪ್ಪದ) ಪೈಪು ಸಾಕು: ಹೊರವ್ಯಾಸ 60 ಮಿ.ಮೀ., ದಪ್ಪ 3.6 ಮಿ.ಮೀ., 1.2 ಮೀಟರಿಗೆ ಸುಮಾರು ಆರು ಕೆ.ಜಿ. ಇದರ ಕೈಗಳೂ ಚಾಸಿಗೇ ಬರಬೇಕು. ದಿಣ್ಣೆ ಇಳಿಯುವಾಗ ಪೈಪು ನೆಲಕ್ಕೆ ತಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಅದೂ ನಿಜ. ಆದರೆ ಬಂಪರ್ ಎತ್ತಿದ್ದರಿಂದ ಸಿಗುವ ಲಾಭ ಎಷ್ಟು ಎಂದು ನೋಡಿ: ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ 700 ಮಿ.ಮೀ. ಹಿಂದೆ, 480 ಮಿ.ಮೀ. ಎತ್ತರದಲ್ಲಿ ಬಂಪರಿನ ಕೆಳಂಚು ಇದ್ದರೆ ಕೋನ ಸುಮಾರು 34 ಡಿಗ್ರಿ. 50 ಮಿ.ಮೀ. ಎತ್ತಿದರೆ 37. ಮೂರು ಡಿಗ್ರಿಗಾಗಿ ಹಿಂದೆ ಬರುವ ಸಣ್ಣ ಕಾರಿನವರನ್ನು ಅಪಾಯಕ್ಕೆ ಒಡ್ಡುವುದು ನ್ಯಾಯವಲ್ಲ. ಗೇಟು ದಾಟಿ ಡಾಂಬರು ರಸ್ತೆಗೆ ಬಾರದ ತೋಟದ ಗಾಡಿಗೆ ಪೈಪು ಬೇಕಿಲ್ಲ.

ನಂಬರ್ ಪ್ಲೇಟು ಬಂಪರಿನ ಮೇಲಿದ್ದರೆ ಇನ್ನೊಂದು ತೊಡಕು. ರಾಜ್ಯದಲ್ಲಿ 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷತೆಯ) ನಂಬರ್ ಪ್ಲೇಟು ಕಡ್ಡಾಯವಾಗಿದೆ. ಅದನ್ನು ಬಿಗಿಯುವ ಸ್ನ್ಯಾಪ್ ಲಾಕ್ ಒಮ್ಮೆ ಹಾಕಿದರೆ ಮುರಿಯದೆ ಬರುವುದಿಲ್ಲ, ಮತ್ತೆ ಹಾಕಲೂ ಬರುವುದಿಲ್ಲ. ಆದ್ದರಿಂದ ಪ್ಲೇಟನ್ನು ಕೀಳಬೇಡಿ, ಅದು ಕೂತಿರುವ ಬ್ರಾಕೆಟ್ಟನ್ನೇ ಇಡಿಯಾಗಿ ಬಿಚ್ಚಿ ಸರಿಸಿ. ಪ್ಲೇಟಿಗೆ ಬೆಳಕು ಬೀಳುವ ದೀಪ ಬಾಡಿಯಲ್ಲಿದ್ದು ಪ್ಲೇಟು ಬಂಪರಿನಲ್ಲಿದ್ದರೆ ಕತ್ತಲಲ್ಲಿ ನಿಲ್ಲಿಸಿ, ಅಂಕಿಗಳು ಪೂರ್ತಿ ಓದಲು ಬರುತ್ತವೆಯೇ ನೋಡಬೇಕು. ದೀಪದ ವೈರು ಗಿಡ್ಡವಾದರೆ ಅದೇ ದಪ್ಪದ ವೈರು ಸೇರಿಸಿ, ಕ್ರಿಂಪ್ ಮಾಡಿ, ಹೀಟ್ ಶ್ರಿಂಕ್ ಕೊಳವೆ ಹಾಕಬೇಕು. ಹೊಸೆದು ಟೇಪು ಸುತ್ತಿದ ಜೋಡಣೆ ಮಲೆನಾಡಿನ ಒಂದು ಮಳೆಗಾಲ ದಾಟುವುದಿಲ್ಲ.

ತುಕ್ಕಿನ ವಿಷಯದಲ್ಲೂ ನಮ್ಮ ಮಳೆ ಕರುಣೆ ತೋರಿಸುವುದಿಲ್ಲ. ಪ್ಲೇಟಿಗೂ ಚಾಸಿಗೂ ನಡುವೆ ಕೆಸರು ಕೂತು ಅಲ್ಲೇ ನೀರು ಹಿಡಿದಿಡುತ್ತದೆ. ಕೊರೆದ ತೂತಿನ ಒಳಬದಿ ಸೇರಿದಂತೆ ಎಲ್ಲ ಮುಖಗಳಿಗೂ ಜಿಂಕ್ ಪ್ರೈಮರ್ ಎರಡು ಕೋಟು, ಮೇಲೆ ಬಣ್ಣ. ತೆಳುವಾಗಿ ಹಚ್ಚಿ ಪೂರ್ತಿ ಒಣಗಿದ ಮೇಲೆಯೇ ಬಿಗಿಯಬೇಕು, ಹಸಿ ಬಣ್ಣದ ಮೇಲೆ ಬಿಗಿದ ಬೋಲ್ಟು ಬಣ್ಣ ಕುಗ್ಗಿದಂತೆ ಸಡಿಲವಾಗುತ್ತದೆ. ಎರಡೂ ಬಾಯಿ ಮುಚ್ಚಿದ ಪೈಪು ಹಾಕಿದ್ದರೆ ಅತಿ ಕೆಳಗಿನ ಜಾಗದಲ್ಲಿ 8 ಮಿ.ಮೀ. ತೂತು ಬಿಡಬೇಕು, ನೀರು ಹೊರಗೆ ಹೋಗಲಿ.

ಇನ್ನೊಂದು ವಿಷಯವನ್ನು ಬಿಡುವ ಹಾಗಿಲ್ಲ. ಮಾಂದಲಪಟ್ಟಿ, ಕೊಡಚಾದ್ರಿಯಂಥ ಕಡೆ ಪ್ರವಾಸಿಗರನ್ನು ಒಯ್ಯುವ ಜೀಪುಗಳಲ್ಲಿ ಹಿಂದಿನಿಂದಲೇ ಹತ್ತಿಳಿಯುವುದುಂಟು, ಬಂಪರೇ ಮೆಟ್ಟಿಲು. ಬಾಡಿ ಎತ್ತಿ ಬಂಪರ್ ಬಿಟ್ಟರೆ ಆ ಸಂದಿಗೆ ಪಾದದ ತುದಿ ಸಿಕ್ಕುತ್ತದೆ. ಮಳೆಯಲ್ಲಿ ಇಳಿಯುವವರು ಹಿಂದಕ್ಕೆ ಬಿದ್ದರೆ ಕಾಲು ಅಲ್ಲೇ ಉಳಿದು ಮೂಳೆ ಮುರಿಯುತ್ತದೆ. ಜನ ಹತ್ತುವ ಗಾಡಿಗೆ ಬಾಡಿ ಲಿಫ್ಟೇ ಬೇಡ ಎಂಬುದು ನನ್ನ ಖಚಿತ ಮಾತು. ಈಗಾಗಲೇ ಮಾಡಿಸಿರುವವರು ಸಂದಿಯನ್ನು ಇಂದೇ ಮುಚ್ಚಬೇಕು, ಬಂಪರಿನ ಮೇಲೆ 3 ಮಿ.ಮೀ. ಚೆಕರ್ಡ್ ಪ್ಲೇಟ್ ಹಾಕಿ ಕಾಲು ಜಾರದಂತೆ ಮಾಡಬೇಕು. ಬಾಡಿಗೆ ಕಟ್ಟಿದ ತಗಡಿನ ಮೇಲೆ ಯಾರೂ ಕಾಲಿಡದಂತೆ ಅದನ್ನು ನೇರ ನಿಲ್ಲಿಸಬೇಕು, ಅಡ್ಡ ಅಂಚು ಬಿಡಬಾರದು.

ಸಾರಿಗೆ ಇಲಾಖೆಗೆ ಒಂದು ವಿನಂತಿ. ಯಾವ ಬದಲಾವಣೆಗೆ ಅನುಮತಿ ಸಾಧ್ಯ, ಯಾವುದಕ್ಕೆ ಇಲ್ಲ, ಅರ್ಜಿ ಎಲ್ಲಿ ಕೊಡಬೇಕು ಎಂಬುದನ್ನು ಪ್ರತಿ ಆರ್‌ಟಿಒ ಕಚೇರಿಯ ಫಲಕದಲ್ಲಿ ಕನ್ನಡದಲ್ಲಿ, ಚಿತ್ರ ಸಮೇತ ಹಾಕಿದರೆ ಗ್ಯಾರೇಜಿನವರಿಗೂ ಮಾಲೀಕರಿಗೂ ಉಪಕಾರ. ಗ್ಯಾರೇಜಿನವರು ಬಿಲ್ಲಿನಲ್ಲಿ ಬರೀ ಬಂಪರ್ ಕೆಲಸ ಎಂದು ಬರೆಯದೆ ಪ್ಲೇಟಿನ ದಪ್ಪ, ಬೋಲ್ಟಿನ ಅಳತೆ ಮತ್ತು ಗ್ರೇಡು ಬರೆದು ಕೊಡಲಿ. ಮಾಲೀಕರು ಕೆಲಸವಾದ 200 ಕಿ.ಮೀ.ಗೆ ಒಮ್ಮೆ, ಆಮೇಲೆ ಪ್ರತಿ ಸರ್ವೀಸಿಗೆ ಒಮ್ಮೆ ಆ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಹಾಕಿಸಲಿ. ಬೋಲ್ಟಿನ ತಲೆಗೂ ಪ್ಲೇಟಿಗೂ ಸೇರಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಗೆರೆ ತಪ್ಪಿದ ಕೂಡಲೇ ಸಡಿಲವಾಗಿದ್ದು ಬರಿಗಣ್ಣಿಗೇ ಗೊತ್ತಾಗುತ್ತದೆ.

ಇತಿ,
ತಮ್ಮ ಪತ್ರಿಕೆಯ ಓದುಗ,
ಸಕಲೇಶಪುರ